ಹಿಂಡಿನ ಒಡತಿ

ನಾರ್ವೆಯ ಉತ್ತರ ತುದಿಯ ಫಿನ್‌ಮಾರ್ಕ್ ಪ್ರಾಂತ್ಯದ ಒಳನಾಡಿನಲ್ಲಿ ಕೌಟೊಕೈನೊ ಎಂಬ ಊರಿದೆ. ಆರ್ಕ್ಟಿಕ್ ವೃತ್ತದಿಂದ ಬಹಳ ಮೇಲೆ, 69ನೇ ಅಕ್ಷಾಂಶದಲ್ಲಿರುವ ಈ ಊರಿನ ಆಡಳಿತ ಪ್ರದೇಶ ಸುಮಾರು 9,700 ಚದರ ಕಿಲೋಮೀಟರ್. ಅಷ್ಟು ವಿಶಾಲವಾದ ನೆಲದಲ್ಲಿ ಬದುಕುವ ಜನ 3,000ಕ್ಕಿಂತ ಕಡಿಮೆ, ಅವರಲ್ಲಿ ಬಹುಪಾಲು ಈ ಉತ್ತರದ ನೆಲದ ಮೂಲನಿವಾಸಿಗಳಾದ ಸಾಮಿ ಜನರ ಭಾಷೆಯನ್ನಾಡುವವರು. ನವೆಂಬರ್ ಕೊನೆಯಲ್ಲಿ ಮುಳುಗಿದ ಸೂರ್ಯ ಜನವರಿ ಮಧ್ಯಭಾಗದವರೆಗೆ ಮತ್ತೆ ಕಾಣಿಸುವುದಿಲ್ಲ. ನಡುಹಗಲಿನ ಒಂದೆರಡು ತಾಸು ಆಕಾಶ ನೀಲಿಗಟ್ಟುತ್ತದೆ, ದಕ್ಷಿಣದ ಅಂಚಿನಲ್ಲಿ ಸ್ವಲ್ಪ ಕೆಂಪಾಗುತ್ತದೆ, ಮತ್ತೆ ಕತ್ತಲಾಗುತ್ತದೆ. ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನ ಚಳಿ ಅಲ್ಲಿ ಸುದ್ದಿಯಲ್ಲ, 40 ಡಿಗ್ರಿ ಕೆಳಗಿಳಿದರೂ ಜನ ಕೆಲಸಕ್ಕೆ ಹೋಗುತ್ತಾರೆ. ಬೇಸಿಗೆಯನ್ನು ಕಡಲತೀರದಲ್ಲಿ ಕಳೆದ ಹಿಮಸಾರಂಗಗಳು ಈ ತಿಂಗಳುಗಳಲ್ಲಿ ಒಳನಾಡಿನ ಫಿನ್‌ಮಾರ್ಕ್ಸ್‌ವಿದ್ದಾ ಎಂಬ ಪ್ರಸ್ಥಭೂಮಿಯಲ್ಲಿರುತ್ತವೆ. ನಾರ್ವೆಯಲ್ಲಿರುವ ಸುಮಾರು 2 ಲಕ್ಷ ಸಾಕು ಸಾರಂಗಗಳಲ್ಲಿ ಹೆಚ್ಚಿನ ಪಾಲು ಇದೇ ಪ್ರಾಂತ್ಯದವು.

ಅವುಗಳನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಪ್ರವಾಸೋದ್ಯಮದ ಚಿತ್ರಗಳು ಕೊಡುವ ಉತ್ತರ ಯಾವಾಗಲೂ ಒಂದೇ ಬಗೆಯದು: ಉತ್ತರ ಧ್ರುವಪ್ರಭೆಯ ಹಸಿರು ಬೆಳಕಿನ ಕೆಳಗೆ ಹಗ್ಗದ ಕುಣಿಕೆ ಹಿಡಿದು ಒಬ್ಬನೇ ನಿಂತಿರುವ ಗಂಡಸು. ಅಂಥ ಗಂಡಸರು ಇದ್ದಾರೆ, ಅವರ ಕೆಲಸ ಕಷ್ಟದ್ದು. ಆದರೆ ಆ ಚಿತ್ರ ಎಷ್ಟು ಬಲವಾಗಿ ಬೇರೂರಿದೆಯೆಂದರೆ, ನಾರ್ವೆಯ ಕಾಯಿದೆಯೇ ಒಂದು ಕಾಲದಲ್ಲಿ ಅದನ್ನು ನಂಬಿ ಹೆಂಗಸರ ಹೆಸರುಗಳನ್ನು ಕಾಗದದಿಂದ ಕೈಬಿಟ್ಟಿತು. ನಾನು ಕೆಲವು ವರ್ಷಗಳಿಂದ ಟ್ರೋಮ್ಸೊ ನಗರದಲ್ಲಿ ವಾಸವಾಗಿದ್ದೇನೆ. ಕೌಟೊಕೈನೊದಲ್ಲಿ ನನಗೆ ಆಪ್ತರಾದ ಒಬ್ಬ ಮಹಿಳೆಯಿದ್ದಾರೆ. ವಾರದ ಕೆಲವು ದಿನ ಊರಿನ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುತ್ತಾರೆ, ಉಳಿದ ದಿನಗಳಲ್ಲಿ ಹಿಂಡಿನ ಜೊತೆ ಇರುತ್ತಾರೆ. ತಮ್ಮ ಹೆಸರು ಎಲ್ಲಿಯೂ ಬರುವುದು ಅವರಿಗೆ ಇಷ್ಟವಿಲ್ಲ, ಆದ್ದರಿಂದ ಇಲ್ಲಿ ಅವರು ಎಂದಷ್ಟೇ ಬರೆಯುತ್ತೇನೆ. ಅವರ ಮನೆಯಲ್ಲಿ ಚಳಿಗಾಲದಲ್ಲಿ ಉಳಿದುಕೊಂಡಾಗ ಕಂಡದ್ದು, ಅವರು ವಿವರಿಸಿದ್ದು, ಆಮೇಲೆ ನಾನು ಓದಿ ತಿಳಿದದ್ದು, ಈ ಮೂರೂ ಸೇರಿ ಈ ಬರಹವಾಗಿದೆ.

ಅವರ ದಿನ ಕಿಟಕಿಯ ಹೊರಗೆ ತೂಗುಹಾಕಿದ ತಾಪಮಾಪಕವನ್ನು ನೋಡುವುದರಿಂದ ಆರಂಭವಾಗುತ್ತದೆ. ಎರಡನೆಯದಾಗಿ ನೋಡುವುದು ಫೋನನ್ನು. ಹಿಂಡಿನ ಮುಂದಾಳುಗಳಾದ ಕೆಲವು ಹೆಣ್ಣು ಸಾರಂಗಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿರುವುದರಿಂದ ರಾತ್ರಿ ಅವು ಎಲ್ಲಿದ್ದವು, ಯಾವ ದಿಕ್ಕಿಗೆ ಸರಿದವು ಎಂಬುದು ನಕ್ಷೆಯ ಮೇಲಿನ ಚುಕ್ಕಿಗಳಲ್ಲಿ ಕಾಣುತ್ತದೆ. ಚುಕ್ಕಿಗಳು ಒಂದೆಡೆ ಗುಂಪಾಗಿದ್ದರೆ ಮೇವು ಸಿಕ್ಕಿದೆ ಎಂದರ್ಥ. ಅವು ಉದ್ದಕ್ಕೆ ಚೆದುರಿದ್ದರೆ ಸಾರಂಗಗಳು ಮೇವು ಹುಡುಕುತ್ತ ನಡೆಯುತ್ತಿವೆ, ಅಥವಾ ಯಾವುದೋ ಪ್ರಾಣಿ ಬೆನ್ನಟ್ಟಿದೆ. ಕಾಫಿ ಕಾಯುವಷ್ಟರಲ್ಲಿ ಅವರು ಆ ದಿನದ ದಾರಿಯನ್ನು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿರುತ್ತಾರೆ. ಆಮೇಲೆ ಬಟ್ಟೆ ತೊಡುವ ಕೆಲಸ. ಅದಕ್ಕೆ ಅವರು ಕೊಡುವ ಸಮಯವನ್ನು ನೋಡಿದರೆ ಅಲ್ಲಿ ಉಡುಪು ಎಷ್ಟು ಗಂಭೀರವಾದ ವಿಷಯ ಎಂಬುದು ತಿಳಿಯುತ್ತದೆ.

ಅವರ ಪಾದರಕ್ಷೆಗಳ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. ಸಾರಂಗದ ಕಾಲಿನ ಚರ್ಮದ ಕೂದಲು ಮೈಮೇಲಿನದಕ್ಕಿಂತ ಗಿಡ್ಡ, ದಟ್ಟ, ಗಟ್ಟಿ. ಹಿಮದಲ್ಲಿ ದಿನವಿಡೀ ಉಜ್ಜಿದರೂ ಅದು ಬೇಗ ಸವೆಯುವುದಿಲ್ಲ. ಆ ಚರ್ಮವನ್ನು ಸುಲಿದು, ಹಿಗ್ಗಿಸಿ ಒಣಗಿಸಿ, ಒಳಭಾಗದ ಪೊರೆಯನ್ನು ಕೆರೆದು ತೆಗೆದು, ಮರದ ತೊಗಟೆಯ ನೀರಿನಲ್ಲಿ ಹದಮಾಡಿ, ತುಂಡುಗಳನ್ನು ಕೂದಲಿನ ದಿಕ್ಕು ನೋಡಿ ಜೋಡಿಸಿ ಹೊಲಿಯಬೇಕು. ಅಂಗಾಲಿನ ಭಾಗದಲ್ಲಿ ಒಂದು ತುಂಡಿನ ಕೂದಲು ಮುಂದಕ್ಕೂ ಇನ್ನೊಂದರದು ಹಿಂದಕ್ಕೂ ಮಲಗುವಂತೆ ಇಡುತ್ತಾರೆ. ಹಾಗಿದ್ದರೆ ಮಾತ್ರ ಇಳಿಜಾರಿನಲ್ಲಿ ಕಾಲು ಜಾರುವುದಿಲ್ಲ. ಹಳೆಯ ಕ್ರಮದಲ್ಲಿ ಹೊಲಿಗೆಯ ದಾರವೂ ಸಾರಂಗದ್ದೇ, ಒಣಗಿದ ಸ್ನಾಯುರಜ್ಜನ್ನು ಎಳೆಎಳೆಯಾಗಿ ಬಿಡಿಸಿ ಹೊಸೆದದ್ದು. ಒಳಗೆ ಕಾಲುಚೀಲದ ಬದಲು ಒಣಹುಲ್ಲು. ಬೇಸಿಗೆಯ ಕೊನೆಯಲ್ಲಿ ನೀರಿನಂಚಿನ ಒಂದು ಬಗೆಯ ಜೊಂಡುಹುಲ್ಲನ್ನು ಕೊಯ್ದು, ಬಡಿದು ಮೆದುಮಾಡಿ, ಒಣಗಿಸಿ, ಬಳೆಯಾಕಾರದಲ್ಲಿ ಹೆಣೆದು ಇಡುತ್ತಾರೆ. ಚಳಿಗಾಲದಲ್ಲಿ ಅದನ್ನು ಬಿಡಿಸಿ ಪಾದದ ಸುತ್ತ ತುಂಬಿಕೊಳ್ಳುತ್ತಾರೆ, ಸಂಜೆ ಹೊರತೆಗೆದು ಒಲೆಯ ಬಳಿ ಹರಡುತ್ತಾರೆ. ಬೆವರನ್ನು ಹೀರಿದ ಹುಲ್ಲು ಬೆಳಗಿನ ಹೊತ್ತಿಗೆ ಒಣಗಿರುತ್ತದೆ. ಕಾರ್ಖಾನೆಯ ರಬ್ಬರ್ ಬೂಟುಗಳೂ ಅವರ ಮನೆಯಲ್ಲಿ ಸಾಲಾಗಿವೆ, ದಿನನಿತ್ಯಕ್ಕೆ ಅವೇ. ಆದರೆ ತೀವ್ರ ಚಳಿಯಲ್ಲಿ ಹಿಂಡಿನ ಬಳಿ ತಾಸುಗಟ್ಟಲೆ ನಿಲ್ಲಬೇಕಾದಾಗ ಅವರ ಕೈ ಹೋಗುವುದು ತಾಯಿ ಹೊಲಿದುಕೊಟ್ಟ ಚರ್ಮದ ಜೋಡಿಯ ಕಡೆಗೇ.

ಈ ಕೆಲಸವೆಲ್ಲ ಹೆಂಗಸರದು. ಕರುಗಳ ತೆಳುವಾದ ಚರ್ಮದಿಂದ ಹೊಲಿಯುವ ಕೂದಲಂಗಿ, ಕೈಗವಸು, ಪಾದರಕ್ಷೆಯ ಬಾಯಿಯಿಂದ ಹಿಮ ಒಳಹೋಗದಂತೆ ಸುತ್ತುವ ಬಣ್ಣದ ನೇಯ್ಗೆಯ ಪಟ್ಟಿ, ಎಲ್ಲವೂ ಅವರ ಕೈಯಿಂದಲೇ ಬರುತ್ತಿದ್ದವು. ಹಿಂಡಿನ ಹಿಂದೆ ಹೋದವನು ಬೆರಳುಗಳನ್ನು ಕಳೆದುಕೊಳ್ಳದೆ ಮನೆಗೆ ಮರಳಿದ್ದರೆ ಅದರಲ್ಲಿ ಹೊಲಿದವಳ ಪಾಲು ಎಷ್ಟು? ಸರ್ಕಾರದ ಯಾವ ಪಟ್ಟಿಯಲ್ಲೂ ಇದಕ್ಕೆ ಒಂದು ಸಾಲು ಇರಲಿಲ್ಲ. ಸಾರಂಗ ಸಾಕಣೆ ಎಂದರೆ ಪ್ರಾಣಿಗಳ ಸಂಖ್ಯೆ ಮತ್ತು ಮಾಂಸದ ತೂಕ ಎಂದು ಲೆಕ್ಕ ಹಾಕುವವರಿಗೆ ಈ ಹೊಲಿಗೆ ಮನೆಗೆಲಸವಾಗಿ ಕಂಡಿತು. ನನ್ನ ಮಟ್ಟಿಗೆ ಅದು ಸಾಕಣೆಯ ಮೊದಲ ಕೆಲಸ.

ಹಿಮಸ್ಕೂಟರ್ ಏರಿ ಅವರು ಹೊರಡುವುದು ಹಿಂಡಿನ ಕಡೆಗೆ ನೇರವಾಗಿ ಅಲ್ಲ. ಸುತ್ತಮುತ್ತಲಿನ ಕುಟುಂಬಗಳು ಸೇರಿ ಸಿಯ್ದಾ ಎಂಬ ಗುಂಪುಗಳಾಗಿ ಮೇವುಗಾಡನ್ನು ಹಂಚಿಕೊಂಡಿವೆ. ಚಳಿಗಾಲದಲ್ಲಿ ಹಿಂಡುಗಳು ಚಿಕ್ಕದಾಗಿ ಒಡೆಯುವುದರಿಂದ ಎಲ್ಲೆಗಳೂ ಹೆಚ್ಚು. ಆ ಎಲ್ಲೆಯ ಉದ್ದಕ್ಕೂ ಹೋಗಿ, ರಾತ್ರಿ ಯಾವುದಾದರೂ ಸಾರಂಗ ಆಚೆಗೆ ದಾಟಿದ ಹೆಜ್ಜೆಗುರುತಿದೆಯೇ, ಆಚೆಯದು ಈಚೆಗೆ ಬಂದಿದೆಯೇ ಎಂದು ನೋಡುತ್ತಾರೆ. ಹೊಸ ಹಿಮ ಬಿದ್ದ ಮರುದಿನ ಈ ಕೆಲಸ ಸುಲಭ, ಗಾಳಿ ಬೀಸಿ ಗುರುತು ಅಳಿಸಿದ ದಿನ ಕಷ್ಟ. ಎರಡು ಹಿಂಡುಗಳು ಬೆರೆತರೆ ಅವನ್ನು ಒಟ್ಟಾಗಿ ದೊಡ್ಡಿಗೆ ತಂದು, ಕಿವಿ ನೋಡಿ ಒಂದೊಂದನ್ನೇ ಬೇರ್ಪಡಿಸಬೇಕು. ಮೈಯಲ್ಲಿ ಶಕ್ತಿ ಉಳಿಸಿಕೊಳ್ಳಬೇಕಾದ ಕಾಲದಲ್ಲಿ ಗರ್ಭ ಧರಿಸಿದ ಪ್ರಾಣಿಗಳನ್ನು ಹಾಗೆ ಓಡಿಸುವುದು ಯಾರಿಗೂ ಬೇಡವಾದ ಕೆಲಸ.

ಒಂದು ಕಡೆ ಅವರು ಸ್ಕೂಟರ್ ನಿಲ್ಲಿಸಿ, ಎಂಜಿನ್ ಆರಿಸಿ, ಸನಿಕೆಯಿಂದ ಹಿಮವನ್ನು ನೆಲದವರೆಗೆ ತೋಡಿದರು. ತೋಡಿದ ಗುಂಡಿಯ ಗೋಡೆಯಲ್ಲಿ ಆ ಚಳಿಗಾಲದ ಇತಿಹಾಸವೇ ಪದರಪದರವಾಗಿ ಕಾಣುತ್ತಿತ್ತು: ಮೇಲೆ ಹೊಸದಾಗಿ ಬಿದ್ದ ಹಗುರ ಹಿಮ, ಅದರ ಕೆಳಗೆ ಗಾಳಿ ಒತ್ತಿ ಗಟ್ಟಿಮಾಡಿದ ಪದರ, ಅದರ ಕೆಳಗೆ ಬೆರಳಿನ ದಪ್ಪದ ಒಂದು ಹೊಳೆಯುವ ಗೆರೆ, ತಳದಲ್ಲಿ ಒಂದಕ್ಕೊಂದು ಅಂಟದ ದೊಡ್ಡ ಹರಳುಗಳು. ಅವರು ಕೈಗವಸು ಕಳಚಿ ಆ ಹರಳುಗಳನ್ನು ಅಂಗೈಯಲ್ಲಿ ತೆಗೆದುಕೊಂಡು ಬೆರಳುಗಳ ನಡುವೆ ಉದುರಿಸಿದರು. ತಳದ ಹಿಮ ಹೀಗೆ ಸಡಿಲವಾಗಿದ್ದರೆ ಸಾರಂಗ ಗೊರಸಿನಿಂದ ಕೆದಕಿ ನೆಲ ಮುಟ್ಟಬಲ್ಲದು. ಆ ಹೊಳೆಯುವ ಗೆರೆ ಮಂಜುಗಡ್ಡೆ, ನವೆಂಬರ್‌ನಲ್ಲಿ ಬಂದ ಒಂದು ಸೆಕೆಯ ದಿನದ ಗುರುತು. ಅದು ಇನ್ನೂ ಸ್ವಲ್ಪ ದಪ್ಪವಾಗಿದ್ದರೆ, ಅಥವಾ ನೆಲಕ್ಕೇ ಅಂಟಿಕೊಂಡಿದ್ದರೆ, ಹಿಂಡನ್ನು ಆ ಕಣಿವೆಯಿಂದ ಎಬ್ಬಿಸಿ ಬೇರೆಡೆಗೆ ಒಯ್ಯಬೇಕಾಗುತ್ತಿತ್ತು. ಅವರು ಬೆರಳಿನ ಗಿಣ್ಣಿನಿಂದ ಅದನ್ನು ಕುಟ್ಟಿದರು, ಸದ್ದನ್ನು ಕೇಳಿದರು, "ಇನ್ನು ಕೆಲವು ದಿನ ಇಲ್ಲೇ ಇರಬಹುದು" ಎಂದರು. ಸನಿಕೆಯನ್ನು ಮತ್ತೆ ಕಟ್ಟಿ ಮುಂದಿನ ದಿಬ್ಬಕ್ಕೆ ಹೊರಟರು. ಅಲ್ಲಿಯೂ ತೋಡಿದರು, ಅದರಾಚೆಗೂ ತೋಡಿದರು.

ಗುಂಡಿಯ ತಳದಲ್ಲಿ ನೆಲಕ್ಕೆ ಹತ್ತಿಕೊಂಡು ಬೂದುಬಿಳಿಯ, ಕವಲೊಡೆದ, ಸ್ಪಂಜಿನಷ್ಟು ಹಗುರವಾದ, ಸಸ್ಯದಂತೆ ಕಾಣುವ ಒಂದು ಜೀವವಿತ್ತು. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಬಳಗಕ್ಕೆ ಸೇರಿದ್ದು ಅದು, ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವ. ಚಳಿಗಾಲದಲ್ಲಿ ಸಾರಂಗದ ಮುಖ್ಯ ಆಹಾರ ಅದೇ. ಹಿಮದ ಮೇಲಿನಿಂದಲೇ ಅದರ ವಾಸನೆ ಹಿಡಿದು ಎಲ್ಲಿ ಕೆದಕಬೇಕೆಂದು ಪ್ರಾಣಿ ನಿರ್ಧರಿಸುತ್ತದೆ. ಅದು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಒಮ್ಮೆ ತುಳಿದು ಹಾಳಾದ ನೆಲ ಚೇತರಿಸಿಕೊಳ್ಳಲು ದಶಕಗಳೇ ಬೇಕು. ಆದ್ದರಿಂದ ಹಿಂಡನ್ನು ಎಲ್ಲಿ, ಎಷ್ಟು ದಿನ ಬಿಡಬೇಕು ಎಂಬ ತೀರ್ಮಾನ ಈ ವರ್ಷದ ಹೊಟ್ಟೆಪಾಡನ್ನು ಮಾತ್ರ ನೋಡಿ ಆಗುವಂಥದ್ದಲ್ಲ, ಮಕ್ಕಳ ಕಾಲದ ಮೇವನ್ನೂ ನೋಡಬೇಕು.

ಸಾರಂಗಗಳ ಬಗ್ಗೆ ನನಗೆ ತುಂಬ ಹಿಡಿಸಿದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಜಿಂಕೆಯ ಕುಲದಲ್ಲಿ ಹೆಣ್ಣಿಗೂ ಕವಲುಗೊಂಬು ಬೆಳೆಯುವುದು ಸಾಮಾನ್ಯವಾಗಿರುವುದು ಹಿಮಸಾರಂಗದಲ್ಲಿ ಮಾತ್ರ. ದೊಡ್ಡ ಗಂಡುಗಳು ಶರತ್ಕಾಲದ ಬೆದೆಗಾಲ ಮುಗಿದ ಮೇಲೆ ಕೊಂಬು ಉದುರಿಸುತ್ತವೆ, ಗಬ್ಬವಾದ ಹೆಣ್ಣುಗಳು ವಸಂತದಲ್ಲಿ ಈಯುವವರೆಗೂ ಉಳಿಸಿಕೊಳ್ಳುತ್ತವೆ. ಹಿಮ ಕೆದಕಿ ಮಾಡಿದ ಗುಂಡಿಗಾಗಿ ಜಗಳವಾದಾಗ, ಮೈಯಲ್ಲಿ ತನಗಿಂತ ದೊಡ್ಡದಾದ ಗಂಡನ್ನೂ ಕೊಂಬಿರುವ ಹೆಣ್ಣು ಓಡಿಸಿಬಿಡುತ್ತದೆ. ಕತ್ತಲೆಯ ತಿಂಗಳುಗಳಲ್ಲಿ ಅವುಗಳ ಕಣ್ಣಿನ ಹಿಂಭಾಗದ ಪ್ರತಿಫಲಕ ಪದರ ಹೊನ್ನಿನ ಬಣ್ಣದಿಂದ ನೀಲಿಗೆ ತಿರುಗಿ, ಇರುವ ಅಲ್ಪ ಬೆಳಕನ್ನೂ ಹಿಡಿದುಕೊಳ್ಳುತ್ತದೆ ಎಂಬುದನ್ನು ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಹಿಂಡಿನ ಬಳಿ ನಿಂತರೆ ಕೇಳುವುದು ಕೂಗಲ್ಲ, ನಡೆಯುವಾಗ ಅವುಗಳ ಪಾದದ ಸ್ನಾಯುರಜ್ಜುಗಳಿಂದ ಹೊರಡುವ ಟಿಕ್ ಟಿಕ್ ಎಂಬ ಸದ್ದು. ನೂರಾರು ಪ್ರಾಣಿಗಳು ಒಟ್ಟಿಗೆ ಸರಿದಾಗ ಅದು ಕತ್ತಲಲ್ಲೂ ಹಿಂಡು ಎಲ್ಲಿದೆ ಎಂಬುದನ್ನು ತಿಳಿಸುತ್ತದೆ.

ಹಿಂಡು ಕುಟುಂಬದ್ದು ಎನ್ನುತ್ತೇವೆ, ಆದರೆ ಸಾಮಿ ಸಂಪ್ರದಾಯದಲ್ಲಿ ಪ್ರತಿ ಸಾರಂಗಕ್ಕೂ ಒಬ್ಬ ಒಡೆಯ ಅಥವಾ ಒಡತಿ ಇರುತ್ತಾರೆ. ಕರುವಿನ ಎರಡೂ ಕಿವಿಗಳ ಅಂಚಿನಲ್ಲಿ ಚಾಕುವಿನಿಂದ ಕೊಯ್ಯುವ ಕಚ್ಚುಗಳ ಜೋಡಣೆಯೇ ಒಡೆತನದ ಗುರುತು. ಗಂಡನಿಗೊಂದು, ಹೆಂಡತಿಗೊಂದು, ಮಕ್ಕಳಲ್ಲಿ ಒಬ್ಬೊಬ್ಬರಿಗೂ ಒಂದೊಂದು. ಈ ಗುರುತುಗಳು ಸರ್ಕಾರದಲ್ಲಿ ನೋಂದಣಿಯಾಗಿರುತ್ತವೆ. ಮಗು ಹುಟ್ಟಿದಾಗ, ನಾಮಕರಣದ ದೀಕ್ಷಾಸ್ನಾನದಲ್ಲಿ ಬಂಧುಗಳು ಸಾರಂಗವನ್ನು ಕಾಣಿಕೆಯಾಗಿ ಕೊಡುತ್ತಾರೆ. ಮಗುವಿನ ಮೊದಲ ಹಲ್ಲನ್ನು ಯಾರು ಮೊದಲು ನೋಡುತ್ತಾರೋ ಅವರೂ ಒಂದು ಸಾರಂಗ ಕೊಡಬೇಕೆಂಬ ಪದ್ಧತಿಯಿದೆ. ನನ್ನ ಆಪ್ತೆಯ ಹಿಂಡಿನಲ್ಲಿ ಹಾಗೆ ಹಲ್ಲಿನ ಸಾರಂಗವಾಗಿ ಬಂದ ಒಂದು ಹೆಣ್ಣಿನ ಸಂತತಿ ಇಂದಿಗೂ ಇದೆ. ಅವರು ಅವುಗಳನ್ನು ಬಣ್ಣದಿಂದ, ಕೊಂಬಿನ ಬಾಗಿನಿಂದ ಗುರುತಿಸುತ್ತಾರೆ, ಕಿವಿ ನೋಡುವ ಅಗತ್ಯವೇ ಅವರಿಗಿಲ್ಲ. ಮದುವೆಯಾದಾಗ ಹೆಣ್ಣು ತನ್ನ ಸಾರಂಗಗಳೊಡನೆ ಬರುತ್ತಿದ್ದಳು, ಅವು ಅವಳವಾಗಿಯೇ ಉಳಿಯುತ್ತಿದ್ದವು, ಅವಳ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಬರುತ್ತಿದ್ದವು. ಯುರೋಪಿನ ಎಷ್ಟೋ ಕಡೆ ಮದುವೆಯಾದ ಹೆಣ್ಣಿಗೆ ಸ್ವಂತ ಆಸ್ತಿಯ ಹಕ್ಕೇ ಇಲ್ಲದಿದ್ದ ಕಾಲದಲ್ಲೂ ಇಲ್ಲಿ ಈ ಕ್ರಮವಿತ್ತು.

ಅವರ ಅಜ್ಜಿಯ ಕಾಲದಲ್ಲಿ ಇಡೀ ಕುಟುಂಬ ಹಿಂಡಿನೊಡನೆ ಚಲಿಸುತ್ತಿತ್ತು. ಒಂದರ ಹಿಂದೊಂದು ಕಟ್ಟಿದ ಜಾರುಬಂಡಿಗಳ ಸಾಲನ್ನು ಹೆಂಗಸರೇ ನಡೆಸುತ್ತಿದ್ದರು. ಕೂಸು ಚರ್ಮ ಹೊದಿಸಿದ ತೊಟ್ಟಿಲಲ್ಲಿ ಬಂಡಿಯ ಮೇಲಿರುತ್ತಿತ್ತು. ತಂಗುವಲ್ಲಿ ಕಂಬಗಳನ್ನು ನೆಟ್ಟು ಗುಡಾರ ಎಬ್ಬಿಸುವುದು, ಬರ್ಚ್ ರೆಂಬೆಗಳನ್ನು ನೆಲಕ್ಕೆ ಹಾಸಿ ಮೇಲೆ ಚರ್ಮ ಹರಡುವುದು, ಹಿಮ ಕರಗಿಸಿ ನೀರು ಮಾಡುವುದು ಎಲ್ಲವೂ ನಡೆಯುತ್ತಿದ್ದದ್ದು ಆ ಕೊರೆಯುವ ಕತ್ತಲಲ್ಲೇ. ಗುಡಾರದ ನಡುವಿನ ಒಲೆಯ ಕೆಳಗೆ ಸಾರಾಹ್ಕಾ ಎಂಬ ದೇವಿ ನೆಲೆಸಿದ್ದಾಳೆ ಎಂದು ಹಳೆಯ ಸಾಮಿ ನಂಬಿಕೆ ಹೇಳುತ್ತದೆ. ಹೆರಿಗೆಯನ್ನು ಕಾಯುವವಳು ಅವಳೇ. ಹೆಂಗಸರು ಸಾರಂಗದ ಹಾಲು ಕರೆದು ಚೀಸ್ ಮಾಡುತ್ತಿದ್ದರು. ಹಾಲು ಬಹಳ ಕಡಿಮೆ, ತುಂಬ ಗಟ್ಟಿ. ಕಳೆದ ಶತಮಾನದಲ್ಲಿ ಕರೆಯುವುದು ನಿಂತುಹೋಯಿತು. ಅದರೊಂದಿಗೆ ಹಿಂಡಿನ ಪ್ರತಿ ಹೆಣ್ಣನ್ನೂ ಕೈಯಿಂದ ಮುಟ್ಟಿ ಬಲ್ಲವರ ಒಂದು ತಲೆಮಾರೂ ಹೋಯಿತು ಎಂದು ಅವರು ಹೇಳುವಾಗ ದನಿಯಲ್ಲಿ ನಿಜವಾದ ನೋವಿತ್ತು.

ಆಮೇಲೆ ಶಾಲೆಗಳು ಬಂದವು. ಸಾಮಿ ಮಕ್ಕಳನ್ನು ವಸತಿ ಶಾಲೆಗಳಿಗೆ ಸೇರಿಸಿ ನಾರ್ವೇಜಿಯನ್ ಭಾಷೆಯೊಂದನ್ನೇ ಆಡುವಂತೆ ಮಾಡಿದ ನೀತಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಆ ಅನ್ಯಾಯವನ್ನು ದಾಖಲಿಸಿದ ಸತ್ಯಶೋಧನಾ ಆಯೋಗದ ವರದಿ 2023ರ ಜೂನ್‌ನಲ್ಲಿ ಹೊರಬಂತು, 2024ರ ನವೆಂಬರ್‌ನಲ್ಲಿ ನಾರ್ವೆಯ ಸಂಸತ್ತು ಕ್ಷಮೆ ಕೇಳಿತು. ಸಾಕಣೆಯ ದೃಷ್ಟಿಯಿಂದ ನೋಡಿದರೆ ಶಾಲೆಯ ಇನ್ನೊಂದು ಪರಿಣಾಮವಿದೆ. ಮಕ್ಕಳು ಊರಿನಲ್ಲಿರಬೇಕಾದಾಗ ತಾಯಿಯೂ ಊರಿನಲ್ಲಿ ನಿಂತಳು. 1960ರ ದಶಕದಲ್ಲಿ ಹಿಮಸ್ಕೂಟರ್ ಬಂದಾಗ ಗಂಡಸರು ಬೆಳಿಗ್ಗೆ ಹೋಗಿ ಒಂದೆರಡು ದಿನದಲ್ಲಿ ಮರಳುವುದು ಸಾಧ್ಯವಾಯಿತು, ಕುಟುಂಬ ಜೊತೆಗೆ ಹೋಗುವ ಅಗತ್ಯ ತಪ್ಪಿತು. ಸ್ಕೂಟರಿಗೆ ಪೆಟ್ರೋಲ್ ಬೇಕು, ಬಿಡಿಭಾಗ ಬೇಕು, ಕೆಲವು ವರ್ಷಕ್ಕೊಮ್ಮೆ ಹೊಸದೇ ಬೇಕು. ಆ ಹಣ ಬಂದದ್ದು ಎಷ್ಟೋ ಮನೆಗಳಲ್ಲಿ ಹೆಂಗಸರ ಸಂಬಳದಿಂದ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಪುರಸಭೆಯಲ್ಲಿ ದುಡಿದು ತಂದ ಸಂಬಳ ಹಿಂಡಿನ ಖರ್ಚಿಗೆ ಹೋಯಿತು. ಮಾಂಸದ ಬೆಲೆ ಕುಸಿದ ವರ್ಷಗಳಲ್ಲಿ ಹಿಂಡನ್ನು ಉಳಿಸಿದ್ದು ಆ ಸಂಬಳವೇ.

ಇಷ್ಟಾದ ಮೇಲೆ 1978ರ ಸಾರಂಗ ಸಾಕಣೆ ಕಾಯಿದೆ ಬಂತು. ಸಾಕುವವರ ಸಂಖ್ಯೆಯನ್ನು ನಿಯಂತ್ರಿಸಲು ಕಾಯಿದೆ ಸಾಕಣೆಯನ್ನು ಘಟಕಗಳಾಗಿ ವಿಂಗಡಿಸಿ, ಪ್ರತಿ ಘಟಕಕ್ಕೂ ಒಬ್ಬ ಹೊಣೆಗಾರನನ್ನು ಗೊತ್ತುಮಾಡಿತು. ದಂಪತಿಗೆ ಒಂದೇ ಘಟಕ. ಯಾರ ಹೆಸರಿನಲ್ಲಿ ಎಂದು ಕಾಯಿದೆ ಹೇಳಲಿಲ್ಲ, ಆದರೆ ನಡೆದದ್ದು ಊಹಿಸಬಹುದಾದಂತೆಯೇ: ಬಹುತೇಕ ಎಲ್ಲ ಕಡೆ ಗಂಡನ ಹೆಸರು ಬರೆಯಲಾಯಿತು. ತನ್ನದೇ ಕಿವಿಗುರುತು, ತನ್ನದೇ ಸಾರಂಗಗಳು ಇದ್ದ ಹೆಂಗಸು ಕಾಗದದ ಮೇಲೆ ಸಾಕುವವನ ಹೆಂಡತಿಯಾದಳು. ಮದುವೆ ಮುರಿದರೆ ಪ್ರಾಣಿಗಳು ಅವಳವೇ, ಅವನ್ನು ಸಾಕುವ ಹಕ್ಕು ಮಾತ್ರ ಇನ್ನೊಬ್ಬರ ಹೆಸರಿನಲ್ಲಿ. ದಂಪತಿಗಳು ಜಂಟಿಯಾಗಿ ಹೊಣೆಗಾರರಾಗುವ ಅವಕಾಶ ಮುಂದೆ ತಿದ್ದುಪಡಿಗಳ ಮೂಲಕ ಬಂತು. 2007ರ ಹೊಸ ಕಾಯಿದೆ ಘಟಕದ ಬದಲು ಸಿಯ್ದಾದ ಪಾಲು ಎಂಬ ಹಳೆಯ ಕಲ್ಪನೆಗೆ ಹತ್ತಿರ ಬಂತು. ಆದರೂ ಮಹಿಳೆಯರ ಹೆಸರಿನಲ್ಲಿರುವ ಪಾಲುಗಳು ಇಂದಿಗೂ ಕಡಿಮೆಯೇ. ಸಮಾನತೆಗೆ ಹೆಸರಾದ ದೇಶವೊಂದು, ಅದಕ್ಕೂ ಮೊದಲೇ ಸಮಾನವಾಗಿ ಆಸ್ತಿ ಹಂಚುತ್ತಿದ್ದ ಸಮುದಾಯಕ್ಕೆ ಹೀಗೆ ಮಾಡಿತಲ್ಲ ಎಂಬುದು ನನ್ನನ್ನು ಇನ್ನೂ ಕಾಡುತ್ತದೆ.

ಹೆಂಗಸರು ಸುಮ್ಮನಿರಲಿಲ್ಲ. ಎಲ್ಸಾ ಲೌಲಾ ರೆನ್‌ಬರ್ಗ್ ಎಂಬ ದಕ್ಷಿಣ ಸಾಮಿ ಮಹಿಳೆ 1877ರಲ್ಲಿ ಹುಟ್ಟಿದವರು, ಸೂಲಗಿತ್ತಿಯ ತರಬೇತಿ ಪಡೆದವರು, ಗಂಡನೊಡನೆ ಸಾರಂಗ ಸಾಕಿದವರು. ಸಾಮಿ ನೆಲದ ಹಕ್ಕಿನ ಬಗ್ಗೆ 1904ರಲ್ಲೇ ಕಿರುಹೊತ್ತಗೆ ಬರೆದರು, 1910ರಲ್ಲಿ ಸಾಮಿ ಮಹಿಳೆಯರ ಸಂಘ ಕಟ್ಟುವುದರಲ್ಲಿ ಮುಂದಾಳಾದರು, ಮತ್ತು 1917ರ ಫೆಬ್ರವರಿ 6ರಂದು ಟ್ರೋಂಡ್‌ಹೈಮ್ ನಗರದಲ್ಲಿ ಗಡಿಗಳಾಚೆಯ ಸಾಮಿಗಳನ್ನು ಮೊದಲ ಬಾರಿಗೆ ಒಂದೆಡೆ ಸೇರಿಸಿದ ಸಮಾವೇಶವನ್ನು ಮುಂದೆ ನಿಂತು ನಡೆಸಿದರು. ಇಂದು ಸಾಮಿ ಜನ ರಾಷ್ಟ್ರೀಯ ದಿನವನ್ನು ಆಚರಿಸುವುದು ಅದೇ ದಿನಾಂಕದಂದು, ಅಂದರೆ ಚಳಿಗಾಲದ ನಡುವೆ. ಮುಂದೆ ಅಲ್ಟಾ ನದಿಗೆ ಅಣೆಕಟ್ಟು ಕಟ್ಟುವುದನ್ನು ವಿರೋಧಿಸಿ ನಡೆದ ಹೋರಾಟದಲ್ಲಿ, 1981ರ ಫೆಬ್ರವರಿಯಲ್ಲಿ 14 ಸಾಮಿ ಮಹಿಳೆಯರು ಓಸ್ಲೊಗೆ ಹೋಗಿ, ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ನಾರ್ವೆಯ ಮೊದಲ ಮಹಿಳಾ ಪ್ರಧಾನಿ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಕಚೇರಿಯಲ್ಲೇ ಕುಳಿತುಬಿಟ್ಟರು. ಅಣೆಕಟ್ಟು ನಿಲ್ಲಲಿಲ್ಲ. ಆದರೆ 1989ರಲ್ಲಿ ಸಾಮಿ ಸಂಸತ್ತು ಆರಂಭವಾಗುವುದಕ್ಕೆ ಆ ಹೋರಾಟವೇ ದಾರಿ ಮಾಡಿತು. ಫೋಸೆನ್ ಪ್ರದೇಶದ ಚಳಿಗಾಲದ ಮೇವುಗಾಡಿನಲ್ಲಿ ಎದ್ದ ಗಾಳಿಯಂತ್ರಗಳ ಪರವಾನಗಿ ಅಸಿಂಧು ಎಂದು 2021ರ ಅಕ್ಟೋಬರ್‌ನಲ್ಲಿ ನಾರ್ವೆಯ ಸುಪ್ರೀಂ ಕೋರ್ಟ್ ತೀರ್ಪಿತ್ತರೂ ಯಂತ್ರಗಳು ತಿರುಗುತ್ತಲೇ ಇದ್ದವು. 2023ರ ಫೆಬ್ರವರಿಯಲ್ಲಿ ಓಸ್ಲೊದ ಸಚಿವಾಲಯಗಳ ಬಾಗಿಲಲ್ಲಿ ಕುಳಿತ ಯುವಜನರ ಮುಂಚೂಣಿಯಲ್ಲಿ ಹೆಣ್ಣುಮಕ್ಕಳೇ ಎದ್ದು ಕಾಣುತ್ತಿದ್ದರು.

ಈಗ ಹೆಂಗಸರನ್ನು ಮತ್ತೆ ಹಿಂಡಿನ ಬಳಿಗೆ ಎಳೆದು ತರುತ್ತಿರುವುದು ಹವಾಮಾನ. ಚಳಿಗಾಲದ ನಡುವೆ ಸೆಕೆ ಬಂದು ಮಳೆ ಸುರಿದರೆ, ಆ ನೀರು ಹಿಮದೊಳಗೆ ಇಳಿದು ಮತ್ತೆ ಹೆಪ್ಪುಗಟ್ಟಿ ಮೇವಿನ ಮೇಲೆ ಬೀಗ ಹಾಕುತ್ತದೆ. ಗೊರಸಿನಿಂದ ಅದನ್ನು ಒಡೆಯಲಾಗದು. ರಷ್ಯಾದ ಯಮಾಲ್ ಪರ್ಯಾಯದ್ವೀಪದಲ್ಲಿ 2013ರ ನವೆಂಬರ್‌ನಲ್ಲಿ ಹೀಗೆ ಮಳೆ ಬಂದು ಹೆಪ್ಪುಗಟ್ಟಿದಾಗ, ನೆನೆತ್ಸ್ ಜನರ ಸುಮಾರು 61,000 ಸಾರಂಗಗಳು ಹಸಿವಿನಿಂದ ಸತ್ತವು. ಫಿನ್‌ಮಾರ್ಕ್‌ನಲ್ಲಿ 2020ರ ಚಳಿಗಾಲದ ಹಿಮ ಎಷ್ಟು ಗಟ್ಟಿಯಾಯಿತೆಂದರೆ ಸರ್ಕಾರ ತುರ್ತು ನೆರವು ಕೊಡಬೇಕಾಯಿತು. ಅಂಥ ವರ್ಷಗಳಲ್ಲಿ ಹಿಂಡಿಗೆ ಕೈಯಿಂದ ಮೇವು ಹಾಕಬೇಕು. ಹೇಳಲು ಸುಲಭ, ಆದರೆ ಇಷ್ಟು ದಿನ ಹಿಮದಡಿಯ ಮೇವನ್ನೇ ತಿಂದ ಪ್ರಾಣಿಗೆ ಇದ್ದಕ್ಕಿದ್ದಂತೆ ಕಾರ್ಖಾನೆಯ ಮೇವಿನ ಉಂಡೆ ಹಾಕಿದರೆ ಹೊಟ್ಟೆ ಕೆಡುತ್ತದೆ, ಸತ್ತೂ ಹೋಗಬಹುದು. ಆದ್ದರಿಂದ ಮೊದಲು ನೆಲದಿಂದ ಸಂಗ್ರಹಿಸಿದ ಅದೇ ಕಲ್ಲುಹೂವಿನಂಥ ಮೇವನ್ನು ಕೊಟ್ಟು, ನಿಧಾನವಾಗಿ ಉಂಡೆ ಬೆರೆಸುತ್ತ ಹೋಗಬೇಕು. ಒಂದೆಡೆ ಒತ್ತಾಗಿ ನಿಂತ ಹಿಂಡಿಗೆ ಕಣ್ಣಿನ ಸೋಂಕು ಹರಡುತ್ತದೆ, ಪ್ರತಿದಿನ ಒಂದೊಂದು ಮುಖವನ್ನೂ ನೋಡಬೇಕು. ಮೇವನ್ನು ಶರತ್ಕಾಲದಲ್ಲೇ ಕೈಯಿಂದ ಆರಿಸಿ ಚೀಲ ತುಂಬಿಡುವುದು, ಬಲಹೀನವಾದ ಕರುವನ್ನು ಬೇರೆ ಕಟ್ಟಿ ಉಣಿಸುವುದು, ಯಾವುದು ತಿನ್ನಲಿಲ್ಲ ಎಂದು ನೆನಪಿಡುವುದು: ಇವೆಲ್ಲ ನನ್ನ ಆಪ್ತೆಯ ಮನೆಯಲ್ಲಿ ಅವರ ಮತ್ತು ಅವರ ಮಗಳ ಕೆಲಸ. ಆರೈಕೆ ಕೇಂದ್ರದ ಪಾಳಿ ಮುಗಿಸಿ ಬಂದು, ಊಟ ಮಾಡಿ, ಹಣೆಗೆ ದೀಪ ಕಟ್ಟಿಕೊಂಡು ಅವರು ಮತ್ತೆ ಹೊರಗೆ ಹೋಗುತ್ತಾರೆ. ಕೊರೆಯುವ ಚಳಿಯಲ್ಲಿ ಮೇವಿನ ಚೀಲದ ಗಂಟು ಬಿಚ್ಚಲು ಕೈಗವಸು ತೆಗೆಯಬೇಕಾಗುತ್ತದೆ. ಅವರ ಬೆರಳ ತುದಿಗಳಲ್ಲಿ ಹಿಮ ಕಚ್ಚಿದ ಹಳೆಯ ಬಿಳಿ ಕಲೆಗಳಿವೆ.

ಇದರ ಜೊತೆಗೆ ಭಯವೂ ಇದೆ. ನದಿ, ಕೆರೆಗಳು ಈಗ ಮೊದಲಿನಂತೆ ನಂಬಬಹುದಾದ ದಿನಕ್ಕೆ ಹೆಪ್ಪುಗಟ್ಟುವುದಿಲ್ಲ. ಹಳೆಯ ದಾರಿಯೆಂದು ನಂಬಿ ಸ್ಕೂಟರ್ ಓಡಿಸಿದವರು ತೆಳು ಮಂಜುಗಡ್ಡೆ ಒಡೆದು ಮುಳುಗಿದ್ದಾರೆ. ಮಗ ಹಿಂಡಿನ ಬಳಿ ಹೋದ ರಾತ್ರಿ ಅವರು ಹೇಳಿದ ಹೊತ್ತಿಗೆ ಸಂದೇಶ ಬರದಿದ್ದರೆ ಮಾತು ನಿಲ್ಲಿಸುತ್ತಾರೆ. ಸಂದೇಶ ಬಂದ ಮೇಲೆ ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುತ್ತಾರೆ. ತಾವೇ ಒಬ್ಬರೇ ಹೋಗುವಾಗ ಯಾರು ಕಾಯುತ್ತಾರೆ ಎಂದು ನಾನು ಕೇಳಿದಾಗ, "ಮಗಳು ಕಾಯುತ್ತಾಳೆ, ಆದರೆ ಅವಳು ಹೇಳುವುದಿಲ್ಲ" ಎಂದರು.

ಏಪ್ರಿಲ್‌ನಲ್ಲಿ ಬೆಳಕು ಮರಳಿ, ಹಗಲಲ್ಲಿ ಹಿಮ ಮೆತ್ತಗಾಗಿ ರಾತ್ರಿ ಗಟ್ಟಿಯಾಗುವ ಹೊತ್ತಿಗೆ, ಗಬ್ಬವಾದ ಹೆಣ್ಣುಗಳು ಉತ್ತರಕ್ಕೆ ಮುಖ ಮಾಡಿ ಚಡಪಡಿಸತೊಡಗುತ್ತವೆ. ಅವನ್ನು ಮೊದಲು ಕಡಲತೀರದ ಕಡೆಗೆ ಕರೆದೊಯ್ಯುತ್ತಾರೆ, ಗಟ್ಟಿ ಹಿಮದ ಮೇಲೆ ರಾತ್ರಿಯ ಹೊತ್ತು. ಗಂಡುಗಳು ಹಿಂದಿನಿಂದ ನಿಧಾನವಾಗಿ ಬರುತ್ತವೆ. ಅದಕ್ಕೂ ಮೊದಲು ಕಾಗದದ ಕೆಲಸವೊಂದಿರುತ್ತದೆ. ಸಾಕಣೆಯ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ, ಯಾರ ಗುರುತಿನಡಿ ಎಷ್ಟು ಪ್ರಾಣಿಗಳಿವೆ, ಎಷ್ಟು ಸತ್ತವು, ಎಷ್ಟನ್ನು ವುಲ್ವರಿನ್, ಲಿಂಕ್ಸ್, ಹದ್ದುಗಳು ಕೊಂದವು ಎಂಬುದನ್ನೆಲ್ಲ ತುಂಬಿ ಕಳಿಸಬೇಕು. ಅಡುಗೆಮನೆಯ ಮೇಜಿನ ಮೇಲೆ ಆ ಲೆಕ್ಕವನ್ನು ತಾಯಿ ಮಗಳು ಸೇರಿ ಮಾಡುತ್ತಾರೆ. ತಂದೆಯಿಂದ ಬಂದ ಪಾಲು ಈಗ ಅವರ ಹೆಸರಿನಲ್ಲಿದೆ. ಮಗನಿಗೆ ಅಲ್ಟಾ ನಗರದಲ್ಲಿ ಕೆಲಸ ಸಿಕ್ಕಿದೆ, ಬೇಸಿಗೆಯಲ್ಲಿ ಕರುಗಳಿಗೆ ಗುರುತು ಹಾಕಲು ಬರುತ್ತೇನೆ ಎಂದಿದ್ದಾನೆ. ಮಗಳು ಊರಿನ ಸಾರಂಗ ಸಾಕಣೆ ಶಾಲೆಯಲ್ಲಿ ಕೊನೆಯ ವರ್ಷದಲ್ಲಿದ್ದಾಳೆ. ಮುಂದಿನ ತಲೆಮಾರಿಗಾಗಿ ಕೆಲವು ವರ್ಷಗಳ ಮಟ್ಟಿಗೆ ಪ್ರತ್ಯೇಕ ಪಾಲು ತೆರೆಯಲು 2007ರ ಕಾಯಿದೆಯಲ್ಲಿ ಅವಕಾಶವಿದೆ. ಅದನ್ನು ಮಗಳ ಹೆಸರಿಗೆ ಮಾಡಿಸುವ ಅರ್ಜಿಯನ್ನು ಅವರು ತರಿಸಿ ಇಟ್ಟಿದ್ದಾರೆ. ಸಿಯ್ದಾದ ಉಳಿದ ಮನೆಗಳೊಡನೆ ಇನ್ನೂ ಮಾತಾಡಬೇಕಿದೆ, ಈ ವಸಂತದ ಪ್ರಯಾಣ ಮುಗಿದ ಮೇಲೆ ಆ ಮಾತುಕತೆ.